ತಪಾಸಣೆಯ ಬಣ್ಣಗಳು

ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಕಳೆದ ವರ್ಷ ಒಂದೇ ತಿಂಗಳಲ್ಲಿ ಮೂರು ಮನೆಗಳ ಕಾಂಪೌಂಡು ಗೋಡೆಗೆ ಹೊಳೆಯುವ ಟೈಲ್ಸ್ ಹೊದಿಸಿದರು. ಮೂರನೆಯ ಗೋಡೆಯ ಮೇಲೆ ನಲವತ್ತು ಮಳೆಗಾಲಗಳ ನೀರು ಇಳಿದು ಮೂಡಿಸಿದ ಕಪ್ಪು ಹಸಿರು ಗೆರೆಗಳಿದ್ದವು. ಗಾರೆಯವರು ಬರುವ ಹಿಂದಿನ ದಿನ ನಾನು ಅದರ ಫೋಟೋ ತೆಗೆಯುತ್ತ ನಿಂತಿದ್ದಾಗ ಮನೆಯ ಯಜಮಾನರು ಗಾಬರಿಯಿಂದ ಹೊರಗೆ ಬಂದರು.

"ಯಾಕೆ ಟೀಚರ್? ಕಂಪ್ಲೇಂಟ್ ಏನಾದ್ರೂ ಕೊಡ್ತೀರಾ? ನಾಳೇನೇ ಎಲ್ಲ ಕ್ಲೀನ್ ಮಾಡಿಸ್ತಾ ಇದೀವಿ."

ಮಾಸಿದ್ದನ್ನು ಒಬ್ಬರು ನಿಂತು ನೋಡಿದರೆ ಅದು ದೂರು ಕೊಡುವುದಕ್ಕೇ ಇರಬೇಕೆಂದು ಈ ಊರು ನಂಬಿದೆ. ಸವೆದ ಮೆಟ್ಟಿಲಿಗೆ ಗ್ರಾನೈಟು, ತುಕ್ಕು ಹಿಡಿದ ಗೇಟಿಗೆ ಬೆಳ್ಳಿಯ ಬಣ್ಣ, ಬಿರುಕು ಬಿಟ್ಟ ಜಗಲಿಗೆ ಸಿಮೆಂಟು. ನಮಗಾಗಿ ಸವೆದ ವಸ್ತುವಿನ ಮೇಲೆ ಸವೆತದ ಗುರುತು ಉಳಿಯುವುದನ್ನೇ ನಾವು ಅವಮಾನವೆಂದು ತಿಳಿಯುತ್ತೇವೆ. ಇದು ಸ್ವಚ್ಛತೆಯಲ್ಲ, ಕೃತಘ್ನತೆ ಎಂದು ನಾನು ಅಲ್ಲಿಯೇ ನಿಂತು ಹತ್ತು ನಿಮಿಷ ವಿವರಿಸಿದೆ. ಯಜಮಾನರು ಸಭ್ಯರು. ಪೂರ್ತಿ ಕೇಳಿಸಿಕೊಂಡು, "ಒಳಗೆ ಬನ್ನಿ ಟೀಚರ್, ಕಾಫಿ ಕುಡೀರಿ" ಎಂದರು.

ಆ ದಿನ ನಾನು ಆಡಿದ ಮಾತು ಸರಿಯೆಂದೇ ಈಗಲೂ ನಂಬುತ್ತೇನೆ. ಅದನ್ನು ಆಡುವ ಹಕ್ಕು ನನಗೆಷ್ಟಿತ್ತು ಎಂಬುದು ತಿಳಿಯಲು ಮಾತ್ರ ಒಂದು ಬಾಗಿಲು ಬೇಕಾಯಿತು.

ನಾನು ರಾಜಾಜಿನಗರದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಮೂವತ್ತೇಳು ವರ್ಷ ಕನ್ನಡ ಕಲಿಸಿದವಳು, ಹೆಸರು ಅಂಬುಜಾ. ನಿವೃತ್ತಳಾದ ಮೇಲೆ ಲ್ಯಾಂಪ್‌ಶೇಡ್ ಮಾಡಲು ತೊಡಗಿದೆ. ಹಳೆಯ ಗೋಡೆ, ಶಟರು, ಒಗೆಯುವ ಕಲ್ಲು, ತಳ್ಳುಗಾಡಿಯ ಹಲಗೆ, ಹೀಗೆ ದಿನವೂ ಕೈ ಕಾಲು ತಾಗಿ ಸವೆದ ಮೇಲ್ಮೈಗಳ ಫೋಟೋಗಳನ್ನು ಕುರುಬರಹಳ್ಳಿಯ ರೇವಂತನ ಅಂಗಡಿಯಲ್ಲಿ ತೆಳುವಾದ ಹತ್ತಿ ಬಟ್ಟೆಯ ಮೇಲೆ ಅಚ್ಚು ಹಾಕಿಸುತ್ತೇನೆ. ಆ ಬಟ್ಟೆಯನ್ನು ಬೆಳಕು ಹಾಯುವ ಗಡಸು ಹಾಳೆಗೆ ಗುಳ್ಳೆ ಏಳದಂತೆ ಅಂಟಿಸಿ, ಎರಡು ತಂತಿಯ ಬಳೆಗಳಿಗೆ ಸುತ್ತಿ, ಅಂಟು ಒಣಗುವವರೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿಡುತ್ತೇನೆ. ಒಳಗೆ ಬಲ್ಬು ಹೊತ್ತಿದಾಗ, ಹಗಲಿನಲ್ಲಿ ಯಾರೂ ತಿರುಗಿ ನೋಡದ ತುಕ್ಕು ದಾಸವಾಳದಂತೆ ಕೆಂಪಾಗುತ್ತದೆ. ಬಣ್ಣ ಎದ್ದುಹೋದ ಜಾಗವೇ ಎಲ್ಲಕ್ಕಿಂತ ಹೆಚ್ಚು ಬೆಳಗುತ್ತದೆ. ಕಲಿಸಿಕೊಟ್ಟವರು ಯಾರೂ ಇಲ್ಲ. ಸುತ್ತುವ ಕೈ ಮಾತ್ರ ಅಮ್ಮನಿಂದ ಬಂದದ್ದು. ಅದರ ಮಾತು ಮುಂದೆ ಬರುತ್ತದೆ.

ಕಳೆದ ಆಷಾಢದಲ್ಲಿ ಇಂಥದೊಂದು ದೀಪವನ್ನು ಚೀಲದಲ್ಲಿಟ್ಟುಕೊಂಡು ದೀಪಾಂಜಲಿ ನಗರಕ್ಕೆ ಹೋದೆ. ನನ್ನ ಗುರುಗಳಾದ ಶಿವಗಂಗಮ್ಮನವರು ಅಲ್ಲಿ ತಮ್ಮ ತಂಗಿಯ ಮೊಮ್ಮಗಳು ಸ್ಮೃತಿಯ ಮನೆಯಲ್ಲಿದ್ದಾರೆ. ಎಂಬತ್ತೇಳು ವರ್ಷ. ಮಾತು, ನೆನಪು, ನಗು ಯಾವುದೂ ಕುಂದಿಲ್ಲ. ಕಣ್ಣು ಮಾತ್ರ ಸೋತಿದೆ. ಎದುರು ಕುಳಿತವರ ಮುಖ ಕಾಣುವುದಿಲ್ಲ, ಕೈಗೆ ಕೊಟ್ಟ ಫೋಟೋ ಬರಿಯ ಬೂದು ಹಾಳೆ. ಹಿಂದಿನಿಂದ ಬೆಳಕು ಬಿದ್ದ ದೊಡ್ಡ ದೊಡ್ಡ ಬಣ್ಣಗಳಷ್ಟೇ ಅವರಿಗೆ ದಕ್ಕುತ್ತವೆ. ಇದು ನನಗೆ ಗೊತ್ತಿರಲಿಲ್ಲ. ಸುಮ್ಮನೆ ಪ್ರೀತಿಗೆಂದು ಒಯ್ದಿದ್ದೆ. ಸ್ಮೃತಿ ದೀಪವನ್ನು ಹೊತ್ತಿಸಿದ ಕೂಡಲೇ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಇದು ಕಾಣ್ತಿದೆ ಕಣೇ ಅಂಬುಜಾ! ಕೆಂಪು. ಅಲ್ಲ, ಇಟ್ಟಿಗೆ ಬಣ್ಣ. ಮಧ್ಯೆ ಅಡ್ಡಗೆರೆ ಇದೆ."

"ಶಟರು ಮಿಸ್. ಮೂರನೇ ಬ್ಲಾಕಲ್ಲಿ ಶೆಟ್ಟರ ಅಂಗಡಿ ಇದೆಯಲ್ಲ, ಅದರದ್ದು."

"ತುಕ್ಕು ಹಿಡಿದಿರೋದನ್ನ ಊರಿಗೆಲ್ಲ ತೋರಿಸ್ತಾ ಇದೀಯಾ ಅಂತ ಶೆಟ್ಟರಿಗೆ ಹೇಳ್ಬೇಡ. ಕಡ್ಲೆಬೇಳೆ ಕೊಡೋದು ನಿಲ್ಲಿಸ್ಬಿಡ್ತಾರೆ."

ನಾವೆಲ್ಲ ನಕ್ಕೆವು. ಅವರು ನಗು ನಿಲ್ಲಿಸಿ ದೀಪವನ್ನೇ ನೋಡುತ್ತ ಕೇಳಿದರು:

"ಸ್ಕೂಲಲ್ಲಿ ನನ್ನ ರೂಮಿನ ಬಾಗಿಲು ಇದೆಯೇನೇ ಇನ್ನೂ? ನೀಲಿ ಬಾಗಿಲು?"

"ಇದೆ ಮಿಸ್."

"ಎಷ್ಟು ತಿಂಗಳೋ ಹೇಳೋಕಾಗಲ್ಲ ಅಂತಾರೆ ಡಾಕ್ಟ್ರು. ಈ ಬೆಳಕೂ ಹೋಗೋ ಮುಂಚೆ ಅದನ್ನ ಒಂದ್ಸಲ ನೋಡ್ಬಿಡ್ತೀನಿ. ಮಾಡ್ಕೊಡ್ತೀಯಾ?"

ಮಾಡಿಕೊಡುತ್ತೇನೆ ಎಂದೆ. ಐವತ್ತು ವರ್ಷಗಳಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವರು ನನಗೆ ಕೊಟ್ಟದ್ದನ್ನು ಹೇಳಹೊರಟರೆ ಒಂದು ವಾರದ ಕಥೆಯನ್ನಾದರೂ ಹೇಳಬೇಕು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಹೋದರು. ಶ್ರೀರಾಮಪುರದ ಒಂದೇ ಕೋಣೆಯ ಮನೆಯಲ್ಲಿ ಅಮ್ಮ ಊದಿನಕಡ್ಡಿ ಹೊಸೆಯುತ್ತಿದ್ದರು. ಇಬ್ಬರು ಹೊಸೆದರೆ ಮಾತ್ರ ಮನೆ ನಡೆಯುತ್ತಿತ್ತು. ಆದ್ದರಿಂದ ನನ್ನ ಶಾಲೆ ನಿಂತಿತು. ನಾಲ್ಕನೆಯ ದಿನ ಸಂಜೆ ಶಿವಗಂಗಮ್ಮ ಮಿಸ್ ಮನೆ ಹುಡುಕಿಕೊಂಡು ಬಂದರು. ಅಮ್ಮನಿಗೆ ಉಪದೇಶ ಮಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕುಳಿತು, "ಇವಳ ಪಾಲಿನ ಕಡ್ಡಿ ನಾನು ಹೊಸೀತೀನಿ. ಬೆಳಿಗ್ಗೆ ಇವಳನ್ನ ಕಳಿಸಿ" ಎಂದರು. ಹಾಗೆ ಆರು ಸಂಜೆ ಬಂದರು. ಅವರು ಹೊಸೆದ ಕಡ್ಡಿಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎಲ್ಲವೂ ಸೊಟ್ಟ. ಅವರು ಹೋದ ಮೇಲೆ ಅಮ್ಮ ಅಷ್ಟನ್ನೂ ಬಿಚ್ಚಿ ಮತ್ತೆ ಹೊಸೆಯುತ್ತಿದ್ದರು. ಏಳನೆಯ ದಿನ ಅಮ್ಮನೇ, "ನೀವು ಬರಬೇಡಿ ತಾಯೀ, ನನಗೆ ಎರಡು ಕೆಲಸ ಆಗ್ತಿದೆ. ಹುಡುಗಿ ಬರ್ತಾಳೆ ಬಿಡಿ" ಎಂದರು. ನಾನು ಶಾಲೆಗೆ ಮರಳಿದ್ದು ಹೀಗೆ. ಅದೇ ಶಾಲೆಗೆ ಟೀಚರಾಗಿ ಹೋದದ್ದೂ ಹೀಗೆಯೇ ಎನ್ನಬೇಕು.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಆ ಬಾಗಿಲು ನೀಲಿಯಾಯಿತು. ಆಗ ಶಿವಗಂಗಮ್ಮನವರು ಮುಖ್ಯೋಪಾಧ್ಯಾಯಿನಿ. ಅವರಿಗಿಂತ ಮುಂಚೆ ಆ ಕೋಣೆಯ ಬಾಗಿಲು ಗಾಢ ಕಂದು, ಸದಾ ಮುಚ್ಚಿರುತ್ತಿತ್ತು. ಅದರ ಮುಂದೆ ನಿಲ್ಲಿಸಿದರೆ ಚಿಕ್ಕ ಮಕ್ಕಳು ನಿಂತಲ್ಲೇ ಅಳುತ್ತಿದ್ದರು. ಮಿಸ್ ಪ್ರಾರ್ಥನೆಯ ಹೊತ್ತಿನಲ್ಲಿ, ಬಾಗಿಲನ್ನು ತಳ್ಳಬೇಕಾದವರು ಮಕ್ಕಳು, ಬಣ್ಣವನ್ನೂ ಅವರೇ ಆರಿಸಲಿ ಎಂದು ಕೈ ಎತ್ತಿಸಿ ಮತ ಹಾಕಿಸಿದರು. ಆಕಾಶನೀಲಿ ಗೆದ್ದಿತು. ಆಡಳಿತ ಮಂಡಳಿಯವರು ಗೊಣಗಿದರು. ಬಾಗಿಲು ನೀಲಿಯಾಗಿಯೇ, ತೆರೆದೇ ಉಳಿಯಿತು.

ಆದರೆ ಅದು ಈಗ ನೀಲಿಯಾಗಿರಲಿಲ್ಲ. ಇದನ್ನು ನಾನು ಮಿಸ್‌ಗೆ ಹೇಳಲಿಲ್ಲ. ಶುಕ್ರವಾರ ಸಂಜೆ ಶಾಲೆಗೆ ಹೋಗಿ ನೋಡಿದೆ. ಬಾಗಿಲು ಪೂರ್ತಿ ಬೂದು ಬಣ್ಣದ್ದಾಗಿತ್ತು. ಹಿಡಿಕೆಯ ಪಕ್ಕದಲ್ಲಿ ಮಾತ್ರ, ಎಷ್ಟೋ ಸಾವಿರ ಅಂಗೈಗಳು ತಳ್ಳಿ ತಳ್ಳಿ ಬಣ್ಣ ಸವೆದು, ಹುಣಸೆಬೀಜದಷ್ಟು ನೀಲಿ ಇಣುಕುತ್ತಿತ್ತು. ಅಷ್ಟು ಸಾಕಿತ್ತು ನನಗೆ. ಆ ಸವೆದ ಜಾಗವನ್ನೇ ದೊಡ್ಡದು ಮಾಡಿ ಅಚ್ಚು ಹಾಕಿಸಿದರೆ ದೀಪದ ತುಂಬ ಆ ನೀಲಿ ಬರುತ್ತಿತ್ತು. ಬೆಳಿಗ್ಗೆ ಒಂಬತ್ತರ ಬಿಸಿಲು ಅಲ್ಲಿ ನೇರವಾಗಿ ಬೀಳುತ್ತದೆ ಎಂಬುದು ಗೊತ್ತಿದ್ದರಿಂದ ಸಂಜೆಯ ಮಬ್ಬಿನಲ್ಲಿ ಫೋಟೋ ತೆಗೆಯಲಿಲ್ಲ. ಶನಿವಾರ ರಜೆ. "ಸೋಮವಾರ ಬರ್ತೀನಿ, ಬಾಗಿಲು ಹಾಗೇ ಇರಲಿ" ಎಂದು ಈಗಿನ ಮುಖ್ಯೋಪಾಧ್ಯಾಯ ಗೋಪೀನಾಥರಿಗೆ ಹೇಳಿದೆ.

"ಬುಧವಾರದ ಒಳಗೆ ಬಂದ್ಬಿಡಿ ಮೇಡಂ," ಎಂದರು ಅವರು. "ಹಳೇ ಕಟ್ಟಡ ಒಡೀತಾರೆ. ಬಾಗಿಲು, ಕಿಟಕಿ ಎಲ್ಲ ಹಳೇ ಮರದೋರು ಬಂದು ತಗೊಂಡೋಗ್ತಾರೆ."

ಸೋಮವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನಾನು ಶಾಲೆಯ ಮೊಗಸಾಲೆಯಲ್ಲಿದ್ದೆ. ಬಾಗಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲಿಂದ ಕೆಳಗಿನವರೆಗೆ ಚಾಕೊಲೇಟು ಬಣ್ಣ. ಚೌಕಟ್ಟಿಗೆ ಮಾವಿನೆಲೆಯ ತೋರಣ, ಹೊಸ್ತಿಲಿಗೆ ಅರಿಸಿನ ಕುಂಕುಮ, ಮುಂದೆ ಒಂದು ಪುಟ್ಟ ರಂಗೋಲಿ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಶರಟು ತೊಟ್ಟು, ಕೈ ಹಿಂದೆ ಕಟ್ಟಿಕೊಂಡು, ಬಹುಮಾನಕ್ಕೆ ಕಾದ ಮಗುವಿನಂತೆ ಕೆಂಪಯ್ಯ ನಿಂತಿದ್ದರು. ಮೂವತ್ತೈದು ವರ್ಷಗಳಿಂದ ಆ ಶಾಲೆಯ ಅಟೆಂಡರು. ಗಂಟೆ ಬಾರಿಸುವವರೂ ಅವರೇ, ಬಣ್ಣ ಹೊಡೆಯುವವರೂ ಅವರೇ.

"ಹೆಂಗಿದೆ ಮಿಸ್? ನಿನ್ನೆ ಭಾನುವಾರ ಪೂರ್ತಿ ಇದೇ ಕೆಲಸ. ಹೊಸ ಕಟ್ಟಡದ್ದು ಅರ್ಧ ಡಬ್ಬ ಮಿಕ್ಕಿತ್ತು. ಎರಡು ಕೋಟು ಹೊಡ್ದಿದೀನಿ."

ಆಗ ನನ್ನ ಬಾಯಿಂದ ಹೊರಟ ಮಾತು ಹೊರಡಬಾರದಿತ್ತು.

"ಯಾರು ಹೇಳಿದ್ರು ನಿಮಗೆ ಇದನ್ನ ಮಾಡೋಕೆ? ಬಾಗಿಲು ಹಾಗೇ ಇರಲಿ ಅಂದಿದ್ದೆ ನಾನು! ಬುದ್ಧಿ ಬೇಡ್ವಾ ಕೆಂಪಯ್ಯ? ಬುಧವಾರ ಹೊರಗೆ ಹೋಗೋ ಬಾಗಿಲಿಗೆ ಯಾರಾದರೂ ಬಣ್ಣ ಹೊಡೀತಾರಾ? ಇದ್ದದ್ದನ್ನ ಇದ್ದ ಹಾಗೆ ಬಿಡೋಕೆ ನಿಮಗೆ ಯಾಕೆ ಬರೋದಿಲ್ಲ?"

ಎಂಟನೆಯ ತರಗತಿಯ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಕೆಂಪಯ್ಯನವರ ಕೈ ಹಿಂದಿನಿಂದ ಮುಂದಕ್ಕೆ ಬಂದಿತು. ಬೆರಳುಗಳ ಸಂದಿಯಲ್ಲಿ ಇನ್ನೂ ಚಾಕೊಲೇಟು ಬಣ್ಣವಿತ್ತು.

"ನೀವು ಫೋಟೋ ತೆಗೀತೀರಾ ಅಂತ ಗೋಪೀನಾಥ್ ಸಾರ್ ಹೇಳಿದ್ರು. ಅಂಬುಜಾ ಮಿಸ್ ಬಂದು ನೋಡುವಾಗ ಕೊಳೆ ಬಾಗಿಲು ತೋರಿಸೋದಾ ಅಂತ ಹೊಡ್ದೆ."

"ಕೊಳೆ ಅಂತ ಯಾರು ಹೇಳಿದ್ದು?"

"ನೀವೇ ಮಿಸ್."

"ನಾನಾ?"

"ತೊಂಬತ್ತೆಂಟನೇ ಇಸ್ವಿ ತಪಾಸಣೆಗೆ. ದೊಡ್ಡ ಮಿಸ್ ರಿಟೈರ್ ಆಗಿ ಎರಡು ವರ್ಷ ಆಗಿತ್ತು. ನೀವು ಇನ್‌ಚಾರ್ಜು. ಈ ಬಾಗಿಲು ಆವಾಗ ನೀಲಿ. 'ಕೆಂಪಯ್ಯ, ಇದು ಮಕ್ಕಳಾಟದ ಬಣ್ಣ, ಬರೋರು ನಗ್ತಾರೆ, ಹಸಿರು ಹೊಡೀರಿ' ಅಂದ್ರಿ. ಬರೋರ ಕಣ್ಣಿಗೆ ಕೊಳೆ ಬಿದ್ರೆ ಅವಮಾನ ನಮಗಲ್ಲ, ಮಕ್ಕಳಿಗೆ ಅಂತ ನೀವೇ ಹೇಳಿದ್ದು. ಅವತ್ತಿಂದ ಯಾರು ನೋಡೋಕೆ ಬಂದ್ರೂ ನಾನು ಹೊಡೀತಾನೇ ಇದೀನಿ."

"ನಾನು ಹಾಗೆ ಹೇಳಿರಲಿಕ್ಕಿಲ್ಲ," ಎಂದೆ. ಹಾಗೆಂದು ತಿರುಗಿ ನಡೆದುಬಿಟ್ಟೆ. ರಂಗೋಲಿಯ ಒಂದು ಮೂಲೆ ನನ್ನ ಚಪ್ಪಲಿಗೆ ಹತ್ತಿಕೊಂಡು ಬಂದದ್ದನ್ನು ಬಸ್ಸಿನಲ್ಲಿ ಕಂಡೆ.

ಮನೆಗೆ ಬಂದು ಕುಳಿತೆ. ನಾನು ಹೇಳಿದ್ದೆ. ಹೇಳಿದ ಜಾಗ, ಹೊತ್ತು, ಉಟ್ಟಿದ್ದ ಸೀರೆ ಕೂಡ ಒಂದೊಂದಾಗಿ ನೆನಪಾದವು. ತಪಾಸಣಾಧಿಕಾರಿಗಳ ಕಚೇರಿಯ ಬಾಗಿಲುಗಳು ಹಸಿರು. ಅವರ ಮೆಚ್ಚುಗೆ ಸಿಗಲೆಂದು ಅದೇ ಹಸಿರನ್ನು ಆರಿಸಿದವಳು ನಾನು. ನಮ್ಮಮ್ಮನ ಜೊತೆ ನೆಲದ ಮೇಲೆ ಕುಳಿತ ಹೆಂಗಸು ಮಕ್ಕಳ ಕೈ ಎತ್ತಿಸಿ ತಂದ ನೀಲಿಯನ್ನು, ಆಕೆ ಗೇಟು ದಾಟಿ ಎರಡು ವರ್ಷವಾಗುವುದರೊಳಗೆ, ನಾನೇ ಮುಚ್ಚಿಸಿದ್ದೆ. ಮುಚ್ಚಿಸಿದ್ದನ್ನು ಮರೆತೂ ಬಿಟ್ಟಿದ್ದೆ. ಟೈಲ್ಸ್ ಹಾಕಿಸಿದ ಯಜಮಾನರಿಗೆ ಹತ್ತು ನಿಮಿಷ ಪಾಠ ಹೇಳಿದ್ದೆನಲ್ಲ, ಅವರು ಮುಚ್ಚಿದ್ದು ಮಳೆಯ ಗೆರೆಯನ್ನು ಮಾತ್ರ.

ಇಷ್ಟು ಅರಿವಾದ ಮೇಲೂ ಫೋನು ತೆಗೆದು ಕೆಂಪಯ್ಯನವರಿಗೆ ಒಂದು ಮಾತು ಹೇಳಲು ಆ ದಿನ ನನ್ನಿಂದಾಗಲಿಲ್ಲ. ಮಕ್ಕಳ ಎದುರಿಗೆ ಬೈದದ್ದಕ್ಕೆ ಫೋನಿನಲ್ಲಿ ಕ್ಷಮೆ ಕೇಳುವುದು ಸರಿಯಲ್ಲ ಎಂದು ಒಂದು ನೆಪವನ್ನೂ ಹುಡುಕಿಕೊಂಡೆ. ನೆಪವಾದರೂ ಅದರಲ್ಲಿ ಸ್ವಲ್ಪ ನಿಜವಿತ್ತು. ಆದ್ದರಿಂದ ಮಂಗಳವಾರ ಬೆಳಿಗ್ಗೆ ಮತ್ತೆ ಶಾಲೆಗೆ ಹೋದೆ. ಮಿಸ್ ಕೇಳಿದ ಒಂದೇ ಒಂದು ವಸ್ತು ನನ್ನ ಕೈ ತಪ್ಪಿದೆ ಎಂಬುದು ನಿಶ್ಚಯವಾಗಿತ್ತು, ಕೆಂಪಯ್ಯನವರನ್ನಾದರೂ ಕಳೆದುಕೊಳ್ಳಬಾರದಿತ್ತು.

ಮೊಗಸಾಲೆಯ ತುಂಬ ಸೀಮೆಎಣ್ಣೆಯ ವಾಸನೆ. ಕೆಂಪಯ್ಯ ಮೂಗಿಗೆ ಟವೆಲು ಕಟ್ಟಿಕೊಂಡು, ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಉಪ್ಪುಕಾಗದದಿಂದ ಹಿಡಿಕೆಯ ಪಕ್ಕವನ್ನು ಉಜ್ಜುತ್ತಿದ್ದರು. ನನ್ನನ್ನು ಕಂಡು ಧಡಕ್ಕನೆ ಎದ್ದರು.

"ಮಿಸ್, ಬೈಬೇಡಿ. ಹಸಿ ಇರುವಾಗಲೇ ತೆಗೆದರೆ ನಾನು ಹೊಡೆದಿದ್ದು ಮಾತ್ರ ಬಂದ್ಬಿಡುತ್ತೆ, ನೀವು ನೋಡಿದ್ದು ಸಿಗುತ್ತೆ ಅಂದ್ಕೊಂಡೆ. ಆಗ್ಲಿಲ್ಲ. ಕೆಳಗಿನದ್ದೂ ಜೊತೇಲೇ ಎದ್ದು ಬಂತು. ಇನ್ನೂ ಕೆಡಿಸ್ಬಿಟ್ಟೆ."

ನಾನು ಬಗ್ಗಿ ನೋಡಿದೆ. ಒಂಬತ್ತರ ಬಿಸಿಲು ಸರಿಯಾಗಿ ಅಲ್ಲಿಯೇ ಬಿದ್ದಿತ್ತು.

ಅವರ ಕೈ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಉಜ್ಜಿದ್ದರಿಂದ ಅಲ್ಲಿ ಒಂದು ದೊಡ್ಡ ತಟ್ಟೆಯಷ್ಟು ಅಗಲದ ಕುಳಿಯಾಗಿತ್ತು. ಹೊರಗಿನ ಅಂಚಿನಲ್ಲಿ ಚಾಕೊಲೇಟು. ಅದರೊಳಗೆ ಬೂದು ಬಣ್ಣದ ಬಳೆ. ಅದರೊಳಗೆ ಕೆನೆಬಣ್ಣ. ಅದರೊಳಗೆ ಹಸಿರು, ನನ್ನ ಹಸಿರು. ಎಲ್ಲದರ ನಡುವೆ, ನಾನು ಶುಕ್ರವಾರ ಕಂಡ ಹುಣಸೆಬೀಜವಲ್ಲ, ಎರಡು ಅಂಗೈ ಅಗಲದ ಆಕಾಶನೀಲಿ, ಹೊಡೆದ ದಿನ ಹೇಗಿತ್ತೋ ಹಾಗೆ.

"ಕೆಂಪಯ್ಯ," ಎಂದೆ, "ತಪ್ಪು ನನ್ನದು. ತೊಂಬತ್ತೆಂಟರಲ್ಲೂ ನನ್ನದೇ, ನಿನ್ನೆಯೂ ನನ್ನದೇ. ನಾನು ಹೇಳಿದ್ದೆ, ನೆನಪಾಯ್ತು. ನಿಮ್ಮನ್ನ ಹಾಗೆ ಬೈಬಾರದಿತ್ತು."

ಎಂಟನೆಯ ತರಗತಿಯ ಕಿಟಕಿಗಳಿಗೂ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕೆಂಪಯ್ಯ ಟವೆಲನ್ನು ಮೂಗಿನಿಂದ ಕೆಳಗಿಳಿಸಿ ಬೆವರೊರೆಸಿಕೊಂಡರು.

"ಬಿಡಿ ಮಿಸ್. ನೀವು ಬೈದಿದ್ದು ಇವತ್ತು ಹೊಸದಾ? ಬೈಲಿಲ್ಲ ಅಂದಿದ್ರೆ ಹುಷಾರಿಲ್ವೇನೋ ಅಂತ ನಾನೇ ಮನೆಗೆ ಬರ್ತಿದ್ದೆ."

ಆಮೇಲೆ ಅವರು ಬೆರಳಿಟ್ಟು ಒಂದೊಂದು ಬಳೆಯನ್ನೂ ತೋರಿಸಿದರು. ಬೂದು ಬಣ್ಣ ಹನ್ನೊಂದು ವರ್ಷದ ಹಿಂದಿನದು. ಆ ಸಲ ಬಂದ ಅಧಿಕಾರಿ ಬಾಗಿಲಿಗೆ ಒರಗಿ ನಿಂತು ಬಿಳಿಯ ಪ್ಯಾಂಟು ಕೆಡಿಸಿಕೊಂಡಿದ್ದರು. ಕೆನೆಬಣ್ಣದ ವರ್ಷ ಹತ್ತನೆಯ ತರಗತಿಯವರೆಲ್ಲರೂ ಪಾಸು. ನಾನು ಅಲ್ಲೇ ಮೂವತ್ತೇಳು ವರ್ಷ ಕಳೆದವಳು. ತಪಾಸಣೆಯ ವರದಿಗಳನ್ನು ನಾನೇ ಬರೆದಿದ್ದೇನೆ. ಅವುಗಳಲ್ಲಿ ಇಲ್ಲದ್ದೆಲ್ಲ ಈ ಮನುಷ್ಯನಿಗೆ ಬಣ್ಣದ ಮೂಲಕ ನೆನಪಿತ್ತು. ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

"ಕೆಳಗಿನ ಕಂದು ಬಣ್ಣದ ತನಕ ಹೋಗ್ಲಾ ಮಿಸ್?"

"ಬೇಡ. ನೀಲಿಗೆ ನಿಲ್ಲಿಸಿ."

ನಾನು ಸೆರಗು ಸಿಕ್ಕಿಸಿಕೊಂಡು ಅವರ ಪಕ್ಕದಲ್ಲಿ ಕುಳಿತು ಇನ್ನೊಂದು ಉಪ್ಪುಕಾಗದ ಹಿಡಿದೆ. ಅಂಚುಗಳನ್ನು ಇಬ್ಬರೂ ಸ್ವಲ್ಪ ಸ್ವಲ್ಪವೇ ಬಿಡಿಸಿದೆವು. ಹತ್ತು ಗಂಟೆಯ ಹೊತ್ತಿಗೆ ಒದ್ದೆ ಬಟ್ಟೆಯಿಂದ ಪುಡಿಯನ್ನು ಒರೆಸಿ, ಬಿಸಿಲು ಕಂಬದ ಹಿಂದೆ ಸರಿಯುವ ಮುನ್ನ ಇಪ್ಪತ್ತಮೂರು ಫೋಟೋ ತೆಗೆದೆ. ಮಾರನೆಯ ದಿನ ಹಳೇ ಮರದವರು ಬಂದು ಬಾಗಿಲನ್ನು ಚೌಕಟ್ಟಿನ ಸಮೇತ ಒಯ್ದರು. ತೋರಣ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತಂತೆ.

ರೇವಂತ ನನ್ನ ಹಳೆಯ ವಿದ್ಯಾರ್ಥಿ. ಕುರುಬರಹಳ್ಳಿಯ ಅವನ ಅಂಗಡಿಯಲ್ಲಿ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ ಕೇಳಿದ:

"ಇದೇನ್ ಮಿಸ್, ಯಾವ್ದೋ ದ್ವೀಪದ ಮ್ಯಾಪ್ ಥರ ಇದೆ?"

"ನಮ್ಮ ಹೆಡ್‌ಮಿಸ್ ರೂಮಿನ ಬಾಗಿಲು ಕಣೋ."

"ಅಯ್ಯೋ, ಅದಾ! ಅಲ್ಲಿ ನಿಂತೂ ನಿಂತೂ ನಂಗೆ ಕಾಲುನೋವು ಬಂದಿತ್ತು. ಮಿಸ್, ಈ ಗೀಚು, ಕಲೆ ಎಲ್ಲ ಎರಡೇ ನಿಮಿಷದಲ್ಲಿ ತೆಗೆದ್ಬಿಡ್ತೀನಿ. ನೀಟಾಗಿ ಬರುತ್ತೆ."

ಅವನ ಕೈ ಆಗಲೇ ಮೌಸಿನ ಮೇಲಿತ್ತು. ನೀಟಾಗಿರಬೇಕು ಎಂದು ಅವನ ನೋಟ್‌ಬುಕ್ಕಿನ ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯಲ್ಲಿ ಬರೆದವಳು ನಾನೇ. ಬೈಯಲಿಲ್ಲ.

"ಬೇಡ ರೇವಂತ. ಹಾಗೇ ಇರಲಿ. ಒಂದು ಪಾಲು ತಿಳಿ ಮಾಡು, ಅಷ್ಟೇ. ಬೆಳಕು ಹಾಯಬೇಕು."

"ನೀವು ಬದಲಾಗ್ಬಿಟ್ರಿ ಮಿಸ್," ಎಂದ. ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ಆ ಲ್ಯಾಂಪ್‌ಶೇಡನ್ನು ಮೂರು ದಿನ ಮಾಡಿದೆ. ಬಟ್ಟೆ ಅಂಟಿಸುವಾಗ ಒಮ್ಮೆ ಗುಳ್ಳೆ ಎದ್ದಿತು. ಬಿಚ್ಚಿ ಮತ್ತೆ ಅಂಟಿಸಿದೆ. ಬಳೆಗಳಿಗೆ ಸುತ್ತುವಾಗ ಅಂಗೈಯ ಒತ್ತಡ ಎಲ್ಲೆಡೆ ಸಮವಾಗಿರಬೇಕು, ಬೆರಳು ಅವಸರಪಡಬಾರದು. ಊದಿನಕಡ್ಡಿ ಹೊಸೆಯುವಾಗ ಅಮ್ಮ ಹೇಳುತ್ತಿದ್ದ ಮಾತಿದು. ಆದರೂ ಎರಡು ಅಂಚು ಸೇರುವ ಜಾಗ ಕೂದಲೆಳೆಯಷ್ಟು ವಾರೆಯಾಯಿತು. ಸರಿಪಡಿಸಲು ಹೋಗಲಿಲ್ಲ.

ಭಾನುವಾರ ವಿಜಯನಗರದಲ್ಲಿ ಮೆಟ್ರೊ ಹತ್ತಿದೆವು, ನಾನೂ ಕೆಂಪಯ್ಯನವರೂ. ಅವರು ಬರಲೊಲ್ಲೆ ಎಂದಿದ್ದರು. ದೊಡ್ಡ ಮಿಸ್ ಎದುರು ಏನು ಮುಖ ಹೊತ್ತು ನಿಲ್ಲಲಿ, ನೀಲಿಯ ಮೇಲೆ ಹಸಿರು ಬಳಿದ ಕೈ ನನ್ನದು ಎಂದರು. ಬಳಿಸಿದ ಬಾಯಿ ನನ್ನದು, ಇಬ್ಬರೂ ಹೋಗೋಣ ಎಂದೆ. ದೀಪದ ಡಬ್ಬವನ್ನು ತೊಡೆಯ ಮೇಲೆ ಎಳೆಗೂಸಿನಂತೆ ಇಟ್ಟುಕೊಂಡು, ಅತ್ತಿಗುಪ್ಪೆಯಲ್ಲಿ ಜನ ನುಗ್ಗಿದಾಗ ಎರಡು ಕೈಗಳಿಂದ ತಬ್ಬಿ ಹಿಡಿದು ತಂದವರು ಅವರೇ.

ಮಧ್ಯಾಹ್ನ ಮೂರು ಗಂಟೆ. ಸ್ಮೃತಿ ಕಿಟಕಿಯ ಪರದೆಗಳನ್ನು ಎಳೆದು ಕೋಣೆಯನ್ನು ಕತ್ತಲು ಮಾಡಿದಳು. ಶಿವಗಂಗಮ್ಮನವರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಕುಳಿತಿದ್ದರು. ನಾನು ದೀಪವನ್ನು ಅವರ ಮುಂದಿನ ಸ್ಟೂಲಿನ ಮೇಲಿಟ್ಟೆ. ಸ್ಮೃತಿ ಸ್ವಿಚ್ಚು ಒತ್ತಿದಳು.

ಅವರು ತಲೆಯನ್ನು ಎಡಕ್ಕೆ ಬಲಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ಹುಡುಕಿದರು.

"ನೀಲಿ," ಎಂದರು ಕೊನೆಗೆ. "ಅದೇ ನೀಲಿ. ಬಂದಿದೆ ಕಣೇ, ಕಾಣ್ತಿದೆ."

ನನ್ನ ಪಕ್ಕದಲ್ಲಿ ಕೆಂಪಯ್ಯ ಉಸಿರು ಬಿಟ್ಟದ್ದು ಕೇಳಿಸಿತು.

"ಸುತ್ತ ಏನಿದು? ಹಸಿರು? ನಾನು ಹಸಿರು ಹೊಡೆಸಿರಲಿಲ್ವಲ್ಲ."

ಕೆಂಪಯ್ಯ ಬಾಯಿ ತೆರೆದರು. ನಾನು ಅವರ ತೋಳು ಮುಟ್ಟಿ ತಡೆದೆ.

"ಅದು ನಾನು ಹೊಡೆಸಿದ್ದು ಮಿಸ್. ನೀವು ಹೋದ ಎರಡನೇ ವರ್ಷ. ತಪಾಸಣೆಯವರು ನಗ್ತಾರೆ ಅಂತ ನಿಮ್ಮ ನೀಲಿಯನ್ನ ಮುಚ್ಚಿಸ್ಬಿಟ್ಟೆ. ನಿಮಗೆ ಹೇಳಲಿಲ್ಲ. ಆಮೇಲೆ ನನಗೇ ಮರೆತುಹೋಯ್ತು."

ಈ ಮಾತನ್ನು ನಾನು ಮೆಟ್ರೊದಲ್ಲಿ ಮೂರು ಬಗೆಯಾಗಿ ಕಟ್ಟಿಕೊಂಡಿದ್ದೆ. ಬಂದದ್ದು ನಾಲ್ಕನೆಯ ಬಗೆ. ಮಿಸ್ ಕೈ ಚಾಚಿದರು, ನನ್ನ ಕಡೆಗಲ್ಲ, ದೀಪದ ಕಡೆಗೆ. ಬೆಚ್ಚಗಿದ್ದ ಬಟ್ಟೆಯ ಮೇಲೆ ಅಂಗೈಯಿಟ್ಟು, ಬಾಗಿಲು ತಳ್ಳುವಂತೆ ಮೆಲ್ಲಗೆ ಒತ್ತಿದರು.

"ಮುಚ್ಚಿಸಿದ್ದು ಒಳ್ಳೇದಾಯ್ತು ಬಿಡು. ಇಲ್ದಿದ್ರೆ ಬಿಸಿಲಿಗೆ ಬಿಳಿಚ್ಕೊಂಡು ಇಷ್ಟು ಹೊತ್ತಿಗೆ ಸುಣ್ಣದ ಥರ ಆಗಿರೋದು. ನಿನ್ನ ಹಸಿರಿನ ಕೆಳಗೆ ತಣ್ಣಗೆ ಮಲ್ಕೊಂಡಿತ್ತು." ಅಂಗೈಯನ್ನು ಅಲ್ಲೇ ಇಟ್ಟುಕೊಂಡು, "ಕೆರೆದಿದ್ದು ಯಾರು? ಇದು ನಿನ್ನ ಕೈಯಲ್ಲ. ನಿನಗೆ ಇಷ್ಟು ಸಮಾಧಾನ ಎಲ್ಲಿದೆ?" ಎಂದರು.

"ನಾನು ದೊಡ್ಡ ಮಿಸ್. ಕೆಂಪಯ್ಯ."

"ಕೆಂಪಾ! ಗಂಟೆ ಎರಡು ನಿಮಿಷ ಮುಂಚೇನೇ ಹೊಡೀತೀಯೇನೋ ಈಗ್ಲೂ?"

"ಶುಕ್ರವಾರ ಮಾತ್ರ ಮಿಸ್."

ಅವರು ನಕ್ಕ ರಭಸಕ್ಕೆ ದೀಪ ಅಲುಗಾಡಿತು. ಸ್ಮೃತಿ ಹಿಡಿದುಕೊಂಡಳು.

"ಇವಳು ನಿನ್ನ ಬೈದಿರ್ತಾಳೆ, ಅಲ್ವಾ?"

ಕೆಂಪಯ್ಯ ನನ್ನ ಮುಖ ನೋಡಿದರು. "ಸ್ವಲ್ಪ," ಎಂದರು.

"ತುಂಬಾನೇ ಬೈದೆ ಮಿಸ್," ಎಂದೆ.

"ಸರಿ. ಈಗ ಹೇಳು ಕೆಂಪ. ನೀಲಿ ನನಗೆ ಗೊತ್ತು. ಅದರ ಆಚೆ ಇರೋದೆಲ್ಲ ನಾನು ಇಲ್ಲದಾಗ ಆಗಿದ್ದು. ಒಂದೊಂದಾಗಿ ಹೇಳು. ಹಸಿರಿನ ವರ್ಷ ಏನಾಯ್ತು?"

ಮಿಸ್ ಮೊದಲು ಕೇಳಿದ್ದು ನೀಲಿಯೊಂದನ್ನೇ. ನಾನು ತಂದುಕೊಡಬೇಕೆಂದಿದ್ದೂ ಅಷ್ಟನ್ನೇ. ಶುಕ್ರವಾರ ಕಂಡ ಆ ಹುಣಸೆಬೀಜದ ಫೋಟೋ ತೆಗೆದಿದ್ದರೆ ದೀಪದಲ್ಲಿ ಬರಿಯ ನೀಲಿಯೇ ಇರುತ್ತಿತ್ತು. ಅವರು ಗೇಟು ದಾಟಿದ ನಂತರದ ಇಪ್ಪತ್ತೊಂಬತ್ತು ವರ್ಷಗಳು ಸಿಕ್ಕಿದ್ದು ಕೆಂಪಯ್ಯನವರ ಎರಡು ಕೋಟಿನಿಂದ, ನನ್ನ ಮೇಲಿನ ಗೌರವಕ್ಕೆಂದು ಅವರು ಕಳೆದ ಒಂದು ಭಾನುವಾರದಿಂದ. ಆ ಗೌರವಕ್ಕೆ ನಾನು ಯೋಗ್ಯಳಾಗಿದ್ದೆನೇ ಎಂಬ ಪ್ರಶ್ನೆಯನ್ನು ಬೇರೆ ದಿನಕ್ಕೆ ಇಟ್ಟುಕೊಂಡೆ. ಅಂದು ಕೃತಜ್ಞತೆಯೊಂದನ್ನೇ ಹೊರುವಷ್ಟು ಜಾಗ ನನ್ನಲ್ಲಿತ್ತು.

ಕೆಂಪಯ್ಯ ಕುರ್ಚಿಯನ್ನು ನಿರಾಕರಿಸಿ ನೆಲದ ಮೇಲೆ ಕುಳಿತರು. ಹಸಿರಿನ ವರ್ಷ ಬಂದ ಅಧಿಕಾರಿಗೆ ಹೋಳಿಗೆ ಬೇಕಾಗಿ, ಅಡಿಗೆ ಗೊತ್ತಿಲ್ಲದ ವಿಜ್ಞಾನದ ಮೇಷ್ಟ್ರು ಪ್ರಯೋಗಾಲಯದಲ್ಲಿ ಹೂರಣ ಸೀಯಿಸಿದ ಕಥೆಯನ್ನು ಅವರು ಶುರು ಮಾಡಿದರು. ಮಿಸ್ ಕೇಳುತ್ತ ಕೇಳುತ್ತ ಹೆಬ್ಬೆರಳಿನಿಂದ ದೀಪವನ್ನು ಸುತ್ತಲೂ ತಡವಿ, ಅಂಚು ಸೇರಿದ ಜಾಗಕ್ಕೆ ಬಂದು ನಿಂತರು.

"ಅಂಬುಜಾ, ಇಲ್ಲಿ ಸೊಟ್ಟ ಇದೆ."

"ನಿಮ್ಮ ಊದಿನಕಡ್ಡಿಗಿಂತ ನೆಟ್ಟಗಿದೆ ಮಿಸ್."

"ನಿಮ್ಮಮ್ಮ ಅದನ್ನ ಬಿಚ್ಚಿ ಮತ್ತೆ ಹೊಸೀತಿದ್ರು ಅಂತ ನಂಗೆ ಎರಡನೇ ದಿನಾನೇ ಗೊತ್ತಾಗಿತ್ತು ಕಣೇ," ಎಂದರು ಅವರು, ಕಣ್ಣನ್ನು ದೀಪದಿಂದ ತೆಗೆಯದೆ. "ಆದ್ರೂ ಬಂದೆ. ನೀನು ಸುಮ್ನಿರು. ಕೆಂಪಾ, ಹೂರಣ ಸೀದುಹೋಯ್ತು, ಆಮೇಲೆ?"